ವಿಶಾಲಾಕ್ಷಿ ಆಂಟಿ ನುಂಗಿದ ಮಾತುಗಳು

ಮೇಜಿನ ಕೆಳಗೆ ಮಣೆ ಹಾಕಿಕೊಂಡು ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿವಿಯ ಓಲೆ ತಗುಲದ ಹಾಗೆ ತಲೆ ಓರೆ ಮಾಡಿ, ಕಂಪ್ಯೂಟರಿನ ತಗಡಿಗೆ ಬಲಗಿವಿ ಒತ್ತಿ ಕಣ್ಣು ಮುಚ್ಚಿಕೊಂಡಿರುವ ಒಬ್ಬ ಹೆಂಗಸು. ವಿಶಾಲಾಕ್ಷಿ ಆಂಟಿ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ಹಾಗೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮಂಡಿ ಹಿಡಿದು ಏಳುತ್ತಾ ಹೇಳುತ್ತಿದ್ದರು: "ಇವತ್ತು ಏದುಸಿರು ಬಿಡ್ತಾ ಇದೆ ಕಣೇ ಸುಮಾ. ಏನೋ ಹುಡುಕ್ತಾ ಇದೆ, ಸಿಗ್ತಾ ಇಲ್ಲ ಅದಕ್ಕೆ."

ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದದ್ದು ಅವರ ಮನೆಯ ಮಹಡಿಯಲ್ಲಿ. ಜವಳಿ ವ್ಯಾಪಾರಕ್ಕೆಂದು ದಾವಣಗೆರೆ ಕಡೆಯಿಂದ ಬಂದ ಅವರ ತಂದೆ ಕಟ್ಟಿಸಿದ ಮನೆ ಅದು. ಆಂಟಿ ಮದುವೆ ಮಾಡಿಕೊಂಡಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿ ಸೇರಿ, ಟ್ರಂಕ್ ಕಾಲ್‌ಗಳೇ ಇಲ್ಲವಾದ ಮೇಲೂ ಅಲ್ಲೇ ಇದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಅದರ ಮಾತು ಬಿಟ್ಟಿರಲಿಲ್ಲ. ಹಾಲು ಉಕ್ಕುವಾಗ ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದಲೇ "ಸ್ವಲ್ಪ ಹೋಲ್ಡ್ ಮಾಡೀ" ಎನ್ನುವರು. ಫೋನಿನ ಆ ತುದಿಯಲ್ಲಿರುವವರು ಆಪರೇಟರುಗಳ ಬಾಯಲ್ಲಿ 'ಪಾರ್ಟಿ'; ಪಕ್ಕದ ಮನೆಗೆ ಹೋಗಿ ಬೀಗ ನೋಡಿ ಬಂದರೆ "ಪಾರ್ಟಿ ಇಲ್ಲ". ದೇವರ ಮನೆಯಿಂದ ಎದ್ದು ಬಂದ ದಿನವೂ ಒಮ್ಮೊಮ್ಮೆ ಹಾಗೇ: "ಎಷ್ಟು ಕರೆದ್ರೂ ಪಾರ್ಟಿ ಮಾತಾಡ್ತಿಲ್ಲ ಕಣೇ."

ದನಿ ಮಾತ್ರ ಎಂಥ ದನಿ! ಎತ್ತರಿಸುತ್ತಿರಲಿಲ್ಲ, ಆದರೆ ಬೀದಿಯ ಆ ತುದಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ತಲುಪುತ್ತಿತ್ತು. ಆ ದನಿಯನ್ನು ಸುಮ್ಮನೆ ಕೂರಿಸಬಾರದೆಂದು ಅವರು ನಿವೃತ್ತಿಯಾದ ಮೇಲೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡಲು ಶುರು ಮಾಡಿದ್ದರು. ಅದಕ್ಕೆಂದೇ ಯಾರಿಂದಲೋ ಕೈ ಬದಲಾಗಿ ಬಂದ ಹಳೆಯ ಕಂಪ್ಯೂಟರೊಂದನ್ನು ನಡುಮನೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಓದುವಾಗ ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು, ಮಿಕ್ಸಿ ಕುಕ್ಕರ್ ಯಾವುದೂ ಸದ್ದು ಮಾಡಬಾರದು. ಏಪ್ರಿಲ್ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಓದುವರು. ಎಷ್ಟು ಮುಚ್ಚಿದರೂ ಬೀದಿಯ ಸೊಪ್ಪಿನ ಗಾಡಿಯವನ ಕೂಗು ಒಳಗೆ ಬಂದೇ ಬರುತ್ತಿತ್ತು.

ಆ ವರ್ಷ ಅವರು ಓದುತ್ತಿದ್ದುದು ನಾಗವೇಣಿಗಾಗಿ. ಕೆಂಗೇರಿಯ ಹಾಸ್ಟೆಲೊಂದರಲ್ಲಿದ್ದ ಆ ಹುಡುಗಿಗೆ ಹುಟ್ಟಿನಿಂದ ಕಣ್ಣಿಲ್ಲ. ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರಲು ಅವಳಿಗೆ ವಯಸ್ಸಿನ ಮಿತಿಯಲ್ಲಿ ಅದೇ ಕೊನೆಯ ಅವಕಾಶ. ಆಂಟಿ ಓದಿದ ಪಾಠಗಳನ್ನು ಸಿ.ಡಿ.ಗೆ ಹಾಕಿಸಿಕೊಂಡು ಹೋಗಿ, ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಒಂದು ಸಂಜೆ ಫೋನ್ ಮಾಡಿ ತಡವರಿಸುತ್ತಾ ಹೇಳಿದಳಂತೆ: "ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಮಧ್ಯೆ ಮಧ್ಯೆ ನೀವು ಮಾತು ನುಂಗ್ತಾ ಇದೀರಾ."

ಆಂಟಿಗೆ ಅದು ಮುಳ್ಳಿನಂತೆ ಚುಚ್ಚಿತು. "ಅಷ್ಟು ವರ್ಷ ಹೆಡ್‌ಫೋನ್ ಹಾಕ್ಕೊಂಡು ಮಾತಾಡಿದೀನಿ. ಆಪರೇಟರ್ ಮಾತು ನುಂಗಿದ್ಲು ಅಂತ ಒಬ್ನೇ ಒಬ್ಬ ಕಂಪ್ಲೇಂಟ್ ಕೊಟ್ಟಿರ್ಲಿಲ್ಲ ಕಣೇ" ಎಂದು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸಿದರು. ಜ್ಯೇಷ್ಠಮಧು ಅಗಿದರು. ಮತ್ತೆ ಓದಿದರೂ ಅದೇ ಕಥೆ. ಕೊನೆಗೆ ನನ್ನನ್ನು ಕರೆದರು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡುವವಳು. ಕಂಪ್ಯೂಟರ್ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ ಆ ಬೀದಿಗೆಲ್ಲ ನಾನೇ ಕಂಪ್ಯೂಟರ್ ಡಾಕ್ಟರ್. ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಬಂದು, ಗೇಟು ತೆಗೆಯುವಷ್ಟರಲ್ಲಿ ಕೆಳಗಿನ ಕಿಟಕಿಯಿಂದ "ಸುಮಾ, ಒಂದ್ನಿಮ್ಷ ಬಂದ್ಹೋಗ್ತೀಯೇನಮ್ಮಾ" ಎಂಬ ದನಿ ಬರುತ್ತಿತ್ತು. ಮಹಡಿಯಲ್ಲಿ ಅಕ್ಕಿ ತೊಳೆಯುವುದೂ ಬಾಕಿ. ಗಂಡ ಶಿಫ್ಟ್ ಮುಗಿಸಿ ಹಸಿದು ಬರುವ ಹೊತ್ತು. ಆದರೂ ಆ ದನಿಗೆ ಆಗುವುದಿಲ್ಲ ಎನ್ನಲು ನನ್ನಿಂದ ಆಗುತ್ತಿರಲಿಲ್ಲ.

ರೆಕಾರ್ಡಿಂಗ್ ಕೇಳಿದೆ. 'ಮಯೂರಶರ್ಮ' ಎನ್ನುವುದು 'ಮಯೂರ್ಮ' ಆಗಿತ್ತು. ಹಿಂದೆ ಕೇಳುತ್ತಿದ್ದ ಸೊಪ್ಪಿನವನ ಕೂಗೂ ಅದೇ ಜಾಗದಲ್ಲಿ ಕತ್ತರಿಸಿದಂತೆ ತುಂಡಾಗಿತ್ತು. ಹಾಗಾದರೆ ಗಂಟಲಿನದಲ್ಲ, ಯಂತ್ರದ್ದೇ ತಪ್ಪು. ಡಿಸ್ಕ್ ತುಂಬಿಹೋಗಿತ್ತು. ಹೊಸದಾಗಿ ಬಂದದ್ದಕ್ಕೆ ಒಂದೇ ಕಡೆ ಜಾಗ ಸಿಗದೆ, ಅದು ತುಂಡು ತುಂಡು ಮಾಡಿ ಸಿಕ್ಕಸಿಕ್ಕಲ್ಲಿ ತುರುಕುತ್ತಿತ್ತು. ಜಾಗ ಹುಡುಕುವಷ್ಟರಲ್ಲಿ ದನಿ ತಪ್ಪಿಹೋಗುತ್ತಿತ್ತು. ನನಗೆ ತಿಳಿದಷ್ಟನ್ನು ಹೇಳಿದೆ.

"ಓ, ಗೊತ್ತಾಯ್ತು ಬಿಡು" ಎಂದರು ಆಂಟಿ. "ಒಂದೇ ಮದುವೆಗೆ ಬಂದ ದಿಬ್ಬಣದ ಒಬ್ಬೊಬ್ಬರನ್ನ ಒಂದೊಂದು ಬೀದೀಲಿ ಇಳಿಸಿದ ಹಾಗೆ. ಊಟಕ್ಕೆ ಕರೆಯೋಕೆ ಹೋದೋನು ಮುಹೂರ್ತ ಮುಗಿದ್ರೂ ವಾಪಸ್ ಬರಲ್ಲ."

ಎಲ್ಲವನ್ನೂ ಒಂದು ಕಡೆ ಸೇರಿಸಲು ಡಿಫ್ರಾಗ್ ಎನ್ನುವ ಸಾಫ್ಟ್‌ವೇರ್ ಬೇಕು, ಅದರಲ್ಲೂ ಹಲವು ಇವೆ ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಅಲ್ಲಿಂದ ನನ್ನ ಸಂಜೆಗಳು ನನ್ನವಾಗಿ ಉಳಿಯಲಿಲ್ಲ. ಆಂಟಿ ಯಾವುದನ್ನೂ ಸುಮ್ಮನೆ ಮನೆಯೊಳಗೆ ಸೇರಿಸಿಕೊಳ್ಳುವವರಲ್ಲ. ಮನೆಕೆಲಸದವರನ್ನು ಗೊತ್ತು ಮಾಡುವಾಗ ಹೇಗೆ ಕೇಳುವರೋ ಹಾಗೆಯೇ ಪ್ರತಿಯೊಂದು ಸಾಫ್ಟ್‌ವೇರ್ ಬಗ್ಗೆಯೂ ಕೇಳುವರು. "ಇದು ಕೆಲಸ ಮಾಡ್ತಿರೋವಾಗ ನಾನು ಓದ್ಬಹುದಾ? ಅರ್ಧಕ್ಕೆ ಕರೆಂಟ್ ಹೋದ್ರೆ ಕೈಲಿರೋದನ್ನ ಅಲ್ಲೇ ಬಿಸಾಕ್ಬಿಡತ್ತಾ? ಬೇಡ ಅಂದ್ರೆ ಮರ್ಯಾದೆಯಾಗಿ ಹೋಗತ್ತಾ?"

ಕಂಪ್ಯೂಟರಿನೊಳಗೇ ಇದ್ದದ್ದು ಉಚಿತ, ನಂಬಬಹುದಾದದ್ದು. ಆದರೆ ಖಾಲಿ ಜಾಗ ಬಹಳ ಬೇಡುತ್ತಿತ್ತು, ಆಮೆಯಂತೆ ನಡೆಯುತ್ತಿತ್ತು. ಬೆಳಿಗ್ಗೆ ಹಚ್ಚಿದರೆ ಸಂಜೆ ನಾನು ಬರುವಾಗಲೂ ಪರದೆಯ ಮೇಲೆ ಚೂರುಗಳನ್ನು ತೋರಿಸುವ ಕೆಂಪು ಗೆರೆಗಳು ಹಾಗೇ ನಿಂತಿರುತ್ತಿದ್ದವು; ಅಷ್ಟು ಹೊತ್ತು ಆಂಟಿ ಓದುವ ಹಾಗಿಲ್ಲ. ಹಣ ಕೊಟ್ಟು ಕೊಳ್ಳುವ ಇನ್ನೊಂದು, ಕೆಲಕಾಲ ಪುಕ್ಕಟೆ ಬಳಸಿ ನೋಡಿ ಎಂದಿತು. ಅದು ತೆರೆಮರೆಯಲ್ಲೇ ಕೆಲಸ ಮಾಡುತ್ತದಂತೆ. ಆದರೆ ಆ ಹಳೆಯ ಯಂತ್ರಕ್ಕೆ ಅದೇ ಹೊರೆಯಾಗಿ, ಇನ್ನೂ ಹೆಚ್ಚು ಮಾತು ನುಂಗತೊಡಗಿತು. ಈ ನಡುವೆ ಸೈಬರ್ ಕೆಫೆಯವನು ಬಂದು ಯಾವುದೋ ಒಂದನ್ನು ಹಾಕಿಕೊಟ್ಟು ಹೋದ. ತೆರೆದೊಡನೆ ಅದು ಬೆಲ್ಲು ಬಾರಿಸುತ್ತಾ, ನಿಮ್ಮಲ್ಲಿ ಸಾವಿರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಹೇಳಿತು.

"ಇದನ್ನ ಮೊದಲು ಕಳಿಸು" ಎಂದರು ಆಂಟಿ. "ಹೊಸಿಲು ದಾಟಿದ ತಕ್ಷಣ ಮನೆಯವರ ತಪ್ಪು ಎಣಿಸೋರನ್ನ ನಾನು ಇಟ್ಕೊಳ್ಳಲ್ಲ."

ಅದನ್ನು ಕಳಿಸುವುದರಲ್ಲೇ ನನ್ನ ಒಂದು ಭಾನುವಾರ ಹೋಯಿತು. ಕೊನೆಗೆ ನನ್ನ ಆಫೀಸಿನ ಒಬ್ಬರು ಹೇಳಿದ ಪುಟ್ಟ ಸಾಫ್ಟ್‌ವೇರೊಂದು ಆಂಟಿಗೆ ಒಪ್ಪಿಗೆಯಾಯಿತು. ಇಡೀ ಡಿಸ್ಕನ್ನು ಕಲಕದೆ, ತೋರಿಸಿದಷ್ಟನ್ನೇ ಎತ್ತಿ ಜೋಡಿಸುವಂಥದ್ದು. "ಕಸ ಗುಡಿಸು ಅಂದ್ರೆ ಕಸ ಮಾತ್ರ ಗುಡಿಸತ್ತೆ, ಬೀರು ತೆಗೆದು ನೋಡಲ್ಲ. ಇದಿರ್ಲಿ" ಎಂದರು. ಸಿ.ಡಿ.ಗೆ ಹಾಕಿ ಕೊಟ್ಟಾಗಿದ್ದ ಹಳೆಯ ಪಾಠಗಳನ್ನು ಅಳಿಸಿ ಜಾಗ ಮಾಡಿ, ಅದನ್ನು ಓಡಿಸಿದೆವು. ಕೆಂಪು ಚೌಕಗಳು ಒಂದೊಂದಾಗಿ ನೀಲಿಯಾಗುವುದನ್ನು ನಾನು ನೋಡುತ್ತಿದ್ದರೆ, ಆಂಟಿ ಕೆಳಗೆ ಕೂತು ಕೇಳುತ್ತಿದ್ದರು. "ಈಗ ಉಸಿರು ಸರಿಯಾಯ್ತು" ಎಂದರು. ಸರಿಯಾಗಿಯೇ ಇತ್ತು. ಮಯೂರಶರ್ಮ ಪೂರ್ತಿ ಮಯೂರಶರ್ಮನಾದ. ನಾಗವೇಣಿ ಫೋನಿನಲ್ಲಿ ನಕ್ಕಳಂತೆ.

ಪರೀಕ್ಷೆ ಹತ್ತಿರವಾದಂತೆ ಆಂಟಿ ಓದುವುದನ್ನು ಹೆಚ್ಚಿಸಿದರು. ಕಣ್ಣ ಕೆಳಗೆ ಕಪ್ಪಾಯಿತು. ಊಟಕ್ಕೆ ಮೊಸರನ್ನ, ಮತ್ತೆ ಓದು. ಆಗಲೇ ನಾಗವೇಣಿ ಮತ್ತೆ ಫೋನ್ ಮಾಡಿದ್ದು. ಮತ್ತದೇ ಮಾತು: ನುಂಗ್ತಾ ಇದೀರಾ.

"ಆ ಸಾಫ್ಟ್‌ವೇರೂ ಕೆಟ್ಟಿತು ಕಣೇ" ಎಂದು ಆಂಟಿ ಗೇಟಿನಲ್ಲೇ ಕಾದು ಹೇಳಿದರು. ನಾನು ಚೀಲವನ್ನೂ ಇಳಿಸದೆ ಒಳಗೆ ಹೋಗಿ ಓಡಿಸಿದೆ. ಜೋಡಿಸಲು ಏನೂ ಇಲ್ಲ ಎಂದಿತು. ಎಲ್ಲ ನೀಲಿ. ಬೇರೆಯದನ್ನು ಹಾಕು ಎಂದರು, ಹಾಕಿದೆ. ಹಳೆಯದಕ್ಕೇ ಹೋಗೋಣ ಎಂದರು, ಹೋದೆ. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಒಂದೊಂದು ಸಂಜೆ ಅವರ ಕಿಟಕಿಯ ಮುಂದೆ ಚಪ್ಪಲಿ ಸದ್ದು ಮಾಡದೆ ಹತ್ತಿಹೋಗಲೇ ಎನ್ನಿಸುತ್ತಿತ್ತು. ಕೊನೆಗೊಂದು ಶನಿವಾರ ಮಧ್ಯಾಹ್ನ, ಯಾವ ಸಾಫ್ಟ್‌ವೇರೂ ಬೇಡವೆಂದು, ಹೆಡ್‌ಫೋನ್ ಹಾಕಿಕೊಂಡು ಪಾಠವನ್ನೇ ಮೊದಲಿನಿಂದ ಕೇಳುತ್ತಾ ಕೂತೆ.

"ಪುಲಿಕೇಶಿಯು ನರ್ಮದಾ ತೀರದಲ್ಲಿ" ಎಂದು ಆಂಟಿಯ ದನಿ ಹೇಳಿ ನಿಂತಿತು. ಮೌನ. ಆ ಮೌನದೊಳಗೆ ಸೊಪ್ಪಿನವನು "ದಂಟೂ, ಪಾಲಕ್, ಮೆಂತ್ಯಾ" ಎಂದು ಪೂರ್ತಿ ಕೂಗಿದ. ಒಂದು ಸ್ಕೂಟರು ಬಂತು, ಹೋಯಿತು. ಆಮೇಲೆ ಆಂಟಿಯ ದನಿ, ಏನೂ ಆಗಿಲ್ಲವೆಂಬಂತೆ, "ಹರ್ಷನನ್ನು ಸೋಲಿಸಿದನು" ಎಂದಿತು.

ಸೊಪ್ಪಿನವನ ಕೂಗು ಎಲ್ಲೂ ತುಂಡಾಗಿರಲಿಲ್ಲ. ಹೆಡ್‌ಫೋನ್ ತೆಗೆದು ಅವರ ಕಿವಿಗೇ ಇಟ್ಟೆ.

"ಒಂದ್ಸಲ ನೀವೇ ಕೇಳಿ ಆಂಟಿ."

ಕೇಳಿದರು. ಬೆರಳಾಡಿಸಿ, ಮತ್ತೆ ಹಾಕು ಎಂದರು. ಮತ್ತೊಮ್ಮೆ. ಆಮೇಲೆ ಹೆಡ್‌ಫೋನನ್ನು ಎರಡೂ ಕೈಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಲೈನ್ ಸರಿಯಾಗಿದೆ ಕಣೇ" ಎಂದರು. "ಪಾರ್ಟೀನೇ ಮಾತಾಡ್ತಿಲ್ಲ."

ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡಂತೆ ಹೇಳಿದರು: "ನಂಗೆ ಗೊತ್ತೇ ಆಗ್ಲಿಲ್ವಲ್ಲ. ನಿಲ್ಲಿಸ್ದೆ ಓದ್ತಾ ಇದೀನಿ ಅಂತ್ಲೇ ಅನ್ಕೊಂಡಿದ್ದೆ."

ಮಾರನೆಯ ವಾರ ಅವರ ತಂಗಿ ಗಿರಿಜಮ್ಮ ದೀಪಾಂಜಲಿ ನಗರದಿಂದ ಬಂದರು. ಇಬ್ಬರೂ ಸೇರಿ ಆಂಟಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು, ಮಿದುಳಿನ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆ ಎಂದರು. ಮುಂದಕ್ಕೆ ಹೆಚ್ಚದ ಹಾಗೆ ನೋಡಿಕೊಳ್ಳಬಹುದು, ಆಗಿಹೋದದ್ದು ಸರಿಹೋಗುತ್ತದೆ ಎಂದು ಹೇಳಲಾರೆ ಎಂದರು. ಮನೆಗೆ ಬಂದು ಆಂಟಿ ಮೊದಲು ಮಾಡಿದ್ದು ನಾಗವೇಣಿಗೆ ಫೋನ್.

"ಕಂಪ್ಯೂಟರ್‌ದಲ್ಲ ನಾಗವೇಣಿ, ತೊಂದರೆ ನಂದೇ. ಬೇರೆ ಯಾರ ಹತ್ರನಾದ್ರೂ ಓದಿಸ್ಕೋ ಮಗಳೇ."

ಆ ಕಡೆಯಿಂದ ಬಂದ ಉತ್ತರ ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಬೇಡಮ್ಮಾ. ನೀವು ನಿಲ್ಲಿಸಿದ ಕಡೆ ನಾನೇ ಮುಂದಿಂದು ಹೇಳ್ಕೋತೀನಿ. ನಿಮ್ಮ ದನಿ ವಾಪಸ್ ಬರೋಷ್ಟರಲ್ಲಿ ನಾನು ಹೇಳಿ ಮುಗಿಸಿರ್ಬೇಕು. ಪಾಠ ಹಂಗೇ ಚೆನ್ನಾಗಿ ಬರ್ತಾ ಇದೆ."

ಆಂಟಿ ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ಓದುವುದನ್ನು ಮಾತ್ರ ಅಂದೇ ನಿಲ್ಲಿಸಿದರು. ಉಳಿದಿದ್ದ ಪಾಠಗಳನ್ನು ನಾನು ಓದಿದೆ. ಅವರು ಎದುರಿಗೆ ಕೂತು, ನನ್ನ ನಾಲಿಗೆ ಜಾರಿದಲ್ಲೆಲ್ಲ ಬೆರಳಿನಿಂದ ಮೇಜು ಕುಟ್ಟುವರು. "ಅಲ್ಮಿಡಿ ಅಲ್ಲ, ಹಲ್ಮಿಡಿ. ಹೊಟ್ಟೆಯಿಂದ ಬರ್ಲಿ. ಹ!" ಓದಿ ಓದಿ ನನಗೆ ಆಕಳಿಕೆ ಬರುತ್ತಿತ್ತು. ಆಕಳಿಕೆಯೂ ರೆಕಾರ್ಡ್ ಆಗುತ್ತಿತ್ತು. ಮತ್ತೆ ಮೊದಲಿನಿಂದ.

ನಾಗವೇಣಿ ಪಾಸಾದಳು. ದೂರದ ತಾಲೂಕು ಕಚೇರಿಯೊಂದರಲ್ಲಿ ಕೆಲಸವಾಯಿತು. ಸಿಹಿ ತೆಗೆದುಕೊಂಡು ಬಂದವಳು ಆಂಟಿಯ ಕೈಯನ್ನು ಬಿಡದೆ ಕೂತಿದ್ದಳು. ಪರೀಕ್ಷೆಯಲ್ಲಿ ನರ್ಮದೆಯ ಪ್ರಶ್ನೆ ಬಂದಾಗ, ಬರೆದುಕೊಡಲು ಕೂತಿದ್ದವರ ಮುಂದೆ "ದಂಟು, ಪಾಲಕ್" ಎಂದು ಬಾಯಿಗೆ ಬಂದುಬಿಟ್ಟಿತ್ತಂತೆ. ಆಂಟಿ ಆ ದಿನ ನಕ್ಕಷ್ಟು ಆಮೇಲೆಂದೂ ನಕ್ಕದ್ದನ್ನು ನಾನು ಕಾಣೆ.

ಅದಾದ ಮೇಲೆ ಅವರ ಮಾತು ನಿಧಾನವಾಗಿ ಕಡಿಮೆಯಾಗುತ್ತಾ ಬಂತು. ಒಬ್ಬರೇ ಇರುವುದು ಕಷ್ಟವಾಗಿ ಗಿರಿಜಮ್ಮ ತಮ್ಮ ಮನೆಗೆ ಕರೆದುಕೊಂಡು ಹೋದರು. ನಾವೂ ಅನ್ನಪೂರ್ಣೇಶ್ವರಿ ನಗರಕ್ಕೆ ಮನೆ ಬದಲಾಯಿಸಿದೆವು. ಹೋಗಬೇಕು ಹೋಗಬೇಕು ಎನ್ನುತ್ತಲೇ ದಿನ ಕಳೆದು, ಕೊನೆಗೊಂದು ಸಂಜೆ ಆಫೀಸಿನಿಂದ ನೇರ ದೀಪಾಂಜಲಿ ನಗರಕ್ಕೆ ಹೋದೆ. ಆಂಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಳಿದುಹೋಗಿದ್ದರು. ಮಾತು ಒಂದೋ ಎರಡೋ, ಅದೂ ತಡವಾಗಿ ಎಂದು ಗಿರಿಜಮ್ಮ ಮೊದಲೇ ಹೇಳಿದ್ದರು. ಏನಾದರೂ ಹೇಳಬೇಕಲ್ಲ ಎಂದು, ಹೊಸ ಕಂಪ್ಯೂಟರ್ ಕೊಂಡಿದ್ದೇವೆ, ಅದರ ಡಿಸ್ಕಿಗೆ ಡಿಫ್ರಾಗ್ ಗಿಫ್ರಾಗ್ ಏನೂ ಬೇಕಾಗಿಲ್ಲವಂತೆ, ನಾವು ಪಟ್ಟ ಪಾಡೆಲ್ಲ ಈಗ ಯಾರಿಗೂ ಇಲ್ಲ ಎಂದೆ. ನನ್ನ ಮುಖವನ್ನೇ ನೋಡುತ್ತಿದ್ದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

ಏನೋ ಹೇಳಲು ಬಾಯಿ ತೆರೆದರು. ನಾನು ಕಾದೆ. ಮೈಸೂರು ರಸ್ತೆಯ ಬಸ್ಸುಗಳ ಸದ್ದು ಬರುತ್ತಲೇ ಇತ್ತು. ಅವರ ಬಾಯಿಗೆ ಮಾತು ಎತ್ತಿಕೊಡಲು ನಾನು ಹೋಗಲಿಲ್ಲ. ಆಮೇಲೆ ಅವರು ನನ್ನ ಕೆನ್ನೆ ಮುಟ್ಟಿ, ಎಲ್ಲೂ ತಡೆಯದೆ, ಒಂದಕ್ಷರವೂ ಮುರಿಯದೆ ಹೇಳಿದರು:

"ತುಂಬಾ ಸುಸ್ತಾಗಿದೀಯ ಸುಮಾ. ಹೋಗು, ಊಟ ಮಾಡಿ ಮಲ್ಕೋ."

ಆಷಾಢದಲ್ಲಿ ಗಿರಿಜಮ್ಮನ ಫೋನ್ ಬಂತು, ಆಂಟಿ ಹೋಗಿಬಿಟ್ಟರೆಂದು. ಆ ಸಂಜೆ ಬಸ್ಸಿಳಿದು ಮನೆಗೆ ಬಂದವಳು ಅಡುಗೆಗೆ ಇಡಲಿಲ್ಲ. ಕತ್ತಲಾಗುವವರೆಗೂ ಮೆಟ್ಟಿಲ ಮೇಲೆ ಚೀಲ ಹಿಡಿದುಕೊಂಡು ಕೂತಿದ್ದೆ. ಯಾರೂ ಕರೆಯಲಿಲ್ಲ.