ವಾಸಪ್ಪನ ಕಚಗುಳಿ

ವಾಸಪ್ಪನನ್ನು ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಎರಡನೆಯ ಸಲ ನೋಡಿದವರು ಹತ್ತಿರ ಬಂದು ಅವನ ಪಕ್ಕೆಯತ್ತ ಬೆರಳು ಚಾಚುತ್ತಿದ್ದರು. ಅಷ್ಟರೊಳಗೆ ಯಾರಾದರೂ ಅವರಿಗೆ ವಿಷಯ ಹೇಳಿಬಿಟ್ಟಿರುತ್ತಿದ್ದರು.

ತೀರ್ಥಹಳ್ಳಿ ಕಡೆಯ ಒಕ್ಕಲು ಮನೆತನದ ಈ ವಾಸಪ್ಪ ಎಪ್ಪತ್ತರ ದಶಕದಲ್ಲಿ ಕಾರ್ಗಲ್ಲಿಗೆ ಬಂದು, ಅಣೆಕಟ್ಟಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದ. ಬಾಗಿಲು ತುಂಬುವ ಭುಜ, ಬಾಳೆದಿಂಡಿನಂಥ ತೋಳು. ಕೆಲಸದ ಬಗ್ಗೆ ಅವನಿಗೆ ದೂರೇನೂ ಇರಲಿಲ್ಲ. ಆದರೆ ಬದುಕಿನಲ್ಲಿ ಅವನಿಗೆ ಇದ್ದದ್ದು ಒಂದೇ ಆಸೆ: ಹೊಡೆದಾಟವೇ ತನ್ನ ಉದ್ಯೋಗವಾಗಬೇಕು. ಬೇರೆಯವರು ಆಫೀಸಿಗೆ ಹೋಗುವಂತೆ ತಾನು ಅಖಾಡಕ್ಕೆ ಹೋಗಬೇಕು, ನಾಲ್ಕು ಕೊಟ್ಟು ನಾಲ್ಕು ತಿಂದು ಸಂಜೆಗೆ ಮನೆ ಸೇರಬೇಕು.

ಅದಕ್ಕಾಗಿ ಸಾಗರದ ಗರಡಿಗೆ ಸೇರಿದ. ಉಸ್ತಾದ್ ಜಯಪ್ಪನವರು ಅವನ ಮೈಕಟ್ಟು ನೋಡಿ ಹಿಗ್ಗಿದರು. ಆ ಹಿಗ್ಗು ಮೊದಲ ಜೋಡಿ ಕುಸ್ತಿಯವರೆಗೆ ಮಾತ್ರ ಉಳಿಯಿತು. ಎದುರಾಳಿ ಪಟ್ಟು ಹಾಕಲೆಂದು ಕಂಕುಳಿಗೆ ಕೈ ಕೊಟ್ಟದ್ದೇ ತಡ, ವಾಸಪ್ಪ ಹೋ ಎಂದು ನಕ್ಕು, ಮಡಚಿಕೊಂಡು, ಕೆಮ್ಮಣ್ಣಿನ ಮೇಲೆ ಅಂಗಾತ ಬಿದ್ದ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಎದುರಾಳಿ ಹತ್ತಿರ ಬರುವ ಮೊದಲೇ ನಗು ಶುರುವಾಯಿತು.

"ನಿಂದು ಮೈ ಅಲ್ಲ ಮಾರಾಯ, ಹಾರ್ಮೋನಿಯಂ," ಎಂದರು ಜಯಪ್ಪ. "ಎಲ್ಲಿ ಮುಟ್ಟಿದ್ರೂ ಸ್ವರ ಹೊರಡ್ತದೆ. ಬ್ಯಾಡ, ಮನೆಗೆ ಹೋಗು."

ಆ ಹೊತ್ತಿಗೆ ಸಾಗರಕ್ಕೂ ಕರಾಟೆ ಬಂತು. ಭಾನುವಾರ ಭಾನುವಾರ ಬೇರೆ ಊರಿನಿಂದ ಒಬ್ಬ ಮಾಸ್ತರು ಬಂದು ಕಲಿಸುತ್ತಿದ್ದರು. ಇದರಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ, ಹೊಡೆದು ದೂರ ನಿಲ್ಲುತ್ತಾರೆ ಎಂದು ತಿಳಿದಾಗ ವಾಸಪ್ಪನಿಗೆ ದೇವರೇ ತನಗಾಗಿ ಈ ವಿದ್ಯೆ ಕಳಿಸಿದಂತೆ ಕಂಡಿತು. ಬೇಗ ಕಲಿತ. ಕ್ವಾರ್ಟರ್ಸಿನ ಹಿತ್ತಲಲ್ಲಿ ಹಂಚು ಒಡೆಯುವ ಅಭ್ಯಾಸ ಮಾಡಿ ಮಾಡಿ, ಹೆಂಡತಿ ಹೂವಮ್ಮ ಮಳೆಗಾಲಕ್ಕೆಂದು ಜೋಡಿಸಿಟ್ಟಿದ್ದ ಹಂಚೆಲ್ಲ ಪುಡಿಯಾಯಿತು.

"ಸೂರು ಸೋರಿದ್ರೆ ಅದಕ್ಕೂ ಒದೀರಿ, ನಿಲ್ತದೇನೋ ನೋಡಣ," ಎಂದಳು ಹೂವಮ್ಮ. ಅವಳು ಸಿಟ್ಟು ಬಂದಾಗಲೂ ದನಿ ಎತ್ತುವವಳಲ್ಲ.

ಆದರೆ ಬರೀ ಕರಾಟೆ ವಾಸಪ್ಪನಿಗೆ ಸಾಕಾಗಲಿಲ್ಲ. ಒಂದು ಒದೆತಕ್ಕೆ ಒಂದು ಅಂಕ ಬಂದರೆ ಎದುರಾಳಿಗೆ ಬಾಗಿ ನಮಸ್ಕರಿಸಿ ಹಿಂದೆ ಬರಬೇಕು. ಅಸಲು ಹೊಡೆದಾಟ ಶುರುವಾಗುವ ಹೊತ್ತಿಗೆ ಇವರು ನಮಸ್ಕಾರ ಮಾಡುತ್ತಾರಲ್ಲ ಎಂಬುದು ಅವನ ಕೊರಗು. ಕುಸ್ತಿಯಲ್ಲೂ ಅಷ್ಟೆ, ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಎರಡನ್ನೂ ಕೂಡಿಸಿದರೆ? ಒದೆಯುವುದು, ಹಿಡಿಯುವುದು, ಕೆಡವುವುದು, ಕೆಡವಿದ ಮೇಲೂ ಬಿಡದೆ ಇರುವುದು. ಈ ಯೋಚನೆ ಹೊಳೆದ ದಿನ ಅವನಿಗೆ ಊಟ ಸೇರಲಿಲ್ಲ.

ಕರಾಟೆ ಮಾಸ್ತರಿಗೆ ಹೇಳಿದ. ಅವರು, "ಅದು ಬೀದಿ ಜಗಳ ಆಗ್ತದೆ, ವಿದ್ಯೆ ಅಲ್ಲ," ಎಂದು ಮುಖ ತಿರುಗಿಸಿದರು. ಜಯಪ್ಪನವರಿಗೆ ಹೇಳಿದ. "ಕಾಲಲ್ಲಿ ಒದೆಯೋದು ಕತ್ತೆ ಕೆಲಸ," ಎಂದರು ಅವರು. ಹೀಗೆ ಎರಡೂ ಕಡೆ ಬಾಗಿಲು ಮುಚ್ಚಿತು.

ವಾಸಪ್ಪ ಎದೆಗುಂದಲಿಲ್ಲ. ಅವನ ಲೆಕ್ಕದಲ್ಲಿ ತಾನು ಜಗಜಟ್ಟಿಯಾಗಲು ಉಳಿದ ಅಡ್ಡಿ ಒಂದೇ, ಅದು ಕಚಗುಳಿ. ಅದನ್ನು ಕೊಲ್ಲುವ ಕೆಲಸವನ್ನು ಹೂವಮ್ಮನಿಗೆ ಒಪ್ಪಿಸಿದ. ಬೆಳಿಗ್ಗೆ ಶಿಫ್ಟಿಗೆ ಹೋಗುವ ಮೊದಲು ಅವನು ಚಾಪೆಯ ಮೇಲೆ ಮಲಗಿ ಮಗ್ಗಿ ಹೇಳಬೇಕು. ಅವಳು ಪಕ್ಕೆ, ಕಂಕುಳು, ಅಂಗಾಲುಗಳಿಗೆ ಕಚಗುಳಿ ಇಡಬೇಕು. ನಗದೆ ಮಗ್ಗಿ ಮುಗಿಸಿದ ದಿನ ತಾನು ಗೆದ್ದಂತೆ.

"ಇದಕ್ಕೆ ನನ್ನನ್ನ ಮದುವೆ ಮಾಡ್ಕಂಡ್ರಾ?" ಎಂದು ಕೇಳುತ್ತಲೇ ಹೂವಮ್ಮ ಕೈ ಹಾಕುತ್ತಿದ್ದಳು. ಎಂಟರ ಮಗ್ಗಿಯವರೆಗೆ ಹಲ್ಲು ಕಚ್ಚಿ ಹೋಗುತ್ತಿದ್ದವನು ಒಂಬತ್ತಕ್ಕೆ ಬಂದೊಡನೆ ಕಿಲಕಿಲನೆ ಉರುಳಾಡುತ್ತಿದ್ದ. ಗೋಡೆಯಾಚೆಯ ವಿಶಾಲಮ್ಮ ದಿನಾ ಬೆಳಿಗ್ಗೆ ಈ ನಗು ಕೇಳಿ, ನಲ್ಲಿಯ ಹತ್ತಿರ ಸೇರಿದ ಹೆಂಗಸರಿಗೆ ಹೇಳಿದರು: "ಮದ್ವೆಯಾಗಿ ಇಷ್ಟು ವರ್ಷ ಆತು, ಆ ಗಂಡಹೆಂಡ್ತಿ ಎಷ್ಟು ಅನ್ಯೋನ್ಯ ಅಂತೀರಿ!"

ಎಂಬತ್ತೆರಡರ ಬೇಸಿಗೆಯಲ್ಲಿ ಕಾರ್ಗಲ್ಲಿನ ಮೈದಾನದಲ್ಲಿ ಒಂದು ಡೇರೆ ಎದ್ದಿತು. ಜೀಪಿನ ಮೈಕು ಜೋಗದವರೆಗೂ ಕೂಗಿಕೊಂಡು ಹೋಯಿತು: "ಫ್ರೀಸ್ಟೈಲ್! ಫ್ರೀಸ್ಟೈಲ್ ಕುಸ್ತಿ! ಹಸಿ ಮಾಂಸ ತಿನ್ನುವ ಬರ್ಮಾ ಟೈಗರ್! ಎದುರು ನಿಲ್ಲುವ ಗಂಡಸರಿದ್ದರೆ ಬನ್ನಿ!"

ವಾಸಪ್ಪ ಜೀಪಿನ ಹಿಂದೆಯೇ ಓಡಿ ಹೆಸರು ಕೊಟ್ಟ.

ಸಂಜೆ ಡೇರೆ ತುಂಬಿ ಹೋಯಿತು. ಹೂವಮ್ಮ ವಿಶಾಲಮ್ಮನ ಪಕ್ಕ ಕುಳಿತು ಸೆರಗಿನ ತುದಿ ಹಿಂಡುತ್ತಿದ್ದಳು. ಮುಖಕ್ಕೆ ಪಟ್ಟೆಪಟ್ಟೆಯ ಮುಸುಕು ಹಾಕಿದ ಟೈಗರ್ ಘರ್ಜಿಸುತ್ತ ಬಂದ. ವಾಸಪ್ಪ ಶುರುವಿಗೇ ತೊಡೆಗೊಂದು ಬಿಗಿಯಾಗಿ ಒದ್ದ. ಜನ ಹುಚ್ಚೆದ್ದರು. ಟೈಗರ್ ತತ್ತರಿಸಿ, ಮುಂದೆ ನುಗ್ಗಿ, ವಾಸಪ್ಪನನ್ನು ತಬ್ಬಿ ಹಿಡಿದ. ಅವನ ಹತ್ತೂ ಬೆರಳು ಪಕ್ಕೆಯ ಮೇಲೆ ಬಂದವು.

ವಾಸಪ್ಪ ಮನಸ್ಸಿನಲ್ಲೇ ಮಗ್ಗಿ ಹಿಡಿದ. ಒಂಬತ್ತರ ಹತ್ತಿರ ನಗುವಿನ ಅಣೆಕಟ್ಟೆ ಒಡೆಯಿತು. ಆ ನಗುವಿಗೆ ಡೇರೆಯ ಗೂಟಗಳು ಅಲ್ಲಾಡಿದವು ಎಂದು ಜನ ಆಮೇಲೆ ಹೇಳಿಕೊಂಡರು. ಟೈಗರ್ ಗಾಬರಿಯಾದ. ಆ ಗಾಬರಿಯಲ್ಲಿ ಮುಸುಕಿನೊಳಗಿಂದ ಅವನ ಮನೆಮಾತು ಹೊರಬಿತ್ತು.

"ಎಂತಕ್ಕೆ ನಗ್ತ್ಯಾ ಮಾರಾಯ? ಸುಮ್ನಿರು, ಯಂಗೂ ನಗೆ ಬತ್ತು!"

ವಾಸಪ್ಪ ಒಂದು ಕ್ಷಣ ಕಣ್ಣರಳಿಸಿದ. ಬರ್ಮಾದ ಹುಲಿ ಸಾಗರ ಕಡೆಯ ಹವ್ಯಕ ಬ್ರಾಹ್ಮಣರ ಹುಡುಗ! ಹಸಿ ಮಾಂಸವಂತೆ! ಅವನಿಗೆ ನಗು ಇಮ್ಮಡಿಯಾಯಿತು. ಟೈಗರಿಗೂ ತಡೆಯಲಾಗಲಿಲ್ಲ. ಇಬ್ಬರೂ ತಬ್ಬಿಕೊಂಡು ನಗುತ್ತಿದ್ದರೆ ಡೇರೆಗೆ ಡೇರೆಯೇ ಹೊಟ್ಟೆ ಹಿಡಿದುಕೊಂಡಿತು. ನಕ್ಕು ಸುಸ್ತಾದ ಟೈಗರಿನ ಕೈ ಸಡಿಲವಾದಾಗ ವಾಸಪ್ಪ ಅವನನ್ನು ಎತ್ತಿ ಕೆಡವಿದ.

ಟೈಗರಿನ ನಿಜವಾದ ಹೆಸರು ಗಜಾನನ. ಆಟ ಮುಗಿದ ಮೇಲೆ ಡೇರೆಯ ಹಿಂದೆ ವಾಸಪ್ಪನ ಕೈ ಹಿಡಿದು, "ಮನೇಲಿ ಗೊತ್ತಿಲ್ಲೆ ಮಾರಾಯ, ಯಾರಿಗೂ ಹೇಳಡ," ಎಂದು ಬೇಡಿಕೊಂಡ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಎಂದು ಅವನು ಮನೆಯಲ್ಲಿ ಹೇಳಿ ಬಂದಿದ್ದ. ಅಷ್ಟರಲ್ಲಿ ಡೇರೆಯ ಮ್ಯಾನೇಜರು ಬಂದು ವಾಸಪ್ಪನ ಬೆನ್ನು ತಟ್ಟಿದ.

"ನಮ್ ಜೊತೆ ಬಂದ್ಬಿಡಿ. ದಿನಾ ಹಿಂಗೇ ನಗ್ಬೇಕು, ಅಷ್ಟೇ."

ಬೇಕಾದ ಉದ್ಯೋಗ ಬೇಡವಾದ ರೂಪದಲ್ಲಿ ಬಂದು ನಿಂತಿತ್ತು. ತನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದಿದ್ದ ಹೂವಮ್ಮನ ಮುಖವನ್ನು ವಾಸಪ್ಪ ನೋಡಿದ.

"ಹೋಗಿ ಬನ್ನಿ," ಎಂದಳು ಅವಳು. "ಹೋಗ್ದಿದ್ರೆ ಸಾಯೋವರ್ಗೂ ನನ್ನ ತಲೆ ತಿಂತೀರಿ."

ರಜೆ ಹಾಕಿ ಹೊರಟ. ಹೊಸನಗರ, ಶಿಕಾರಿಪುರ, ಸೊರಬ. ಎಲ್ಲ ಕಡೆ 'ನಗುವ ಪೈಲ್ವಾನ್' ಎಂಬ ಹೆಸರಿಗೆ ಜನ ಮುಗಿಬಿದ್ದರು. ಪ್ರತಿ ಸಂಜೆ ಗಜಾನನ ಹಿಡಿಯುವುದು, ಇವನು ನಗುವುದು. ಪೈಲ್ವಾನನೇನೋ ಆದೆ, ಆದರೆ ಜನ ನೋಡಲು ಬರುವುದು ನನ್ನ ಹೊಡೆತವನ್ನಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ನೋವು. ಆದರೂ ಹಟ ಬಿಡದೆ ಬೆಳಿಗ್ಗೆ ಚಾಪೆ ಹಾಸಿ ಮಲಗುತ್ತಿದ್ದ. ಹೂವಮ್ಮನ ಜಾಗದಲ್ಲಿ ಗಜಾನನ ಕೂತು ಕಚಗುಳಿ ಇಡುತ್ತಿದ್ದ.

ತೀರ್ಥಹಳ್ಳಿಯಲ್ಲಿ ಆಟವಿದ್ದ ಸಂಜೆ ನೆಂಟರಿಷ್ಟರೆಲ್ಲ ಮುಂದೆ ಕೂತಿದ್ದರು. ಗಜಾನನ ಬಂದು ಪಕ್ಕೆ ಹಿಡಿದ. ವಾಸಪ್ಪ ಕಾದ. ಏನೂ ಆಗಲಿಲ್ಲ. ಕಂಕುಳಿಗೆ ಕೈ ಬಂತು. ಏನೂ ಇಲ್ಲ.

"ಬರ್ತಿಲ್ಲ ಕಣೋ!" ಎಂದು ಪಿಸುಗುಟ್ಟಿದ ವಾಸಪ್ಪ. ಅವನ ಕಣ್ಣಲ್ಲಿ ಸಂತೋಷದ ನೀರು. "ನಗು ಬರ್ತಿಲ್ಲ!"

"ಬತ್ತಿಲ್ಯಾ? ಈಗ ಎಂತ ಮಾಡದು?"

"ಖರೆ ಹೊಡೆದಾಡಣ."

ಗಜಾನನ ಒಂದು ಗಳಿಗೆ ಯೋಚಿಸಿದ. ಅವನೂ ವರ್ಷಗಟ್ಟಲೆ ಸುಳ್ಳು ಪೆಟ್ಟು ಕೊಟ್ಟು ಬೇಸತ್ತಿದ್ದ. ಮುಸುಕು ಕಿತ್ತೆಸೆದ.

ಇಬ್ಬರೂ ಮನಸಾರೆ ಹೊಡೆದಾಡಿದರು. ಒದ್ದರು, ಗುದ್ದಿದರು, ಬಿದ್ದರು, ಬಿದ್ದಲ್ಲೇ ಒಬ್ಬರ ಕುತ್ತಿಗೆ ಇನ್ನೊಬ್ಬರು ಹಿಡಿದರು. ವಾಸಪ್ಪನ ಬದುಕಿನ ಅತ್ಯಂತ ಸುಖದ ಸಂಜೆ ಅದು. ಆದರೆ ನಿಜವಾದ ಬಿಗಿಪಟ್ಟು ನೋಡುವವರಿಗೆ ಎಷ್ಟು ಬೇಸರ ಎಂಬುದು ಅವನಿಗೆ ತಿಳಿದಿರಲಿಲ್ಲ. ಇಬ್ಬರು ದೊಡ್ಡ ಗಂಡಸರು ನೆಲದ ಮೇಲೆ ಅಲ್ಲಾಡದೆ ಬಿದ್ದುಕೊಂಡು ಬುಸುಗುಡುತ್ತಿದ್ದರು. ಶೇಂಗಾ ಸಿಪ್ಪೆ ಹಾರಿ ಬಂದವು. "ಎದ್ದೇಳ್ರೋ, ಮನೆಗೋಗಿ ಮಲಗ್ರೋ!" ಎಂದು ಯಾರೋ ಕೂಗಿದರು. ಆ ಕೂಗು ವಾಸಪ್ಪನ ಸೋದರಮಾವನ ದನಿಯಂತೆಯೇ ಇತ್ತು. ಮ್ಯಾನೇಜರು ಗಂಟೆ ಬಾರಿಸಿ ಆಟ ನಿಲ್ಲಿಸಿದ. ಮರುದಿನ ಇಬ್ಬರನ್ನೂ ಬಸ್ಸು ಹತ್ತಿಸಿದ.

ವಾಸಪ್ಪ ವರ್ಕ್‌ಶಾಪಿಗೆ ಮರಳಿದ. ಗಜಾನನ ಬೊಂಬಾಯಿ ಹೋಟೆಲು ಮುಚ್ಚಿತೆಂದು ಹೇಳಿ ಮನೆ ಸೇರಿದ. ಬಿಡುವಾದಾಗಲೆಲ್ಲ ಸಾಗರದ ಬಸ್ಸು ಹಿಡಿದು ಅವನು ಕಾರ್ಗಲ್ಲಿಗೆ ಬರುತ್ತಿದ್ದ. ಹಿತ್ತಲಿನ ಹುಲ್ಲಿನ ಮೇಲೆ ಇಬ್ಬರೂ ಸೆಣಸುತ್ತಿದ್ದರು. ನೋಡಲು ಹೂವಮ್ಮ ಒಬ್ಬಳೇ. ಒಂದು ಮಧ್ಯಾಹ್ನ ಗಜಾನನ ಕುತ್ತಿಗೆಗೆ ಎಂಥ ಪಟ್ಟು ಹಾಕಿದನೆಂದರೆ ವಾಸಪ್ಪ ನೆಲ ಬಡಿದು ಸೋಲೊಪ್ಪಿಕೊಂಡ. ಅಂಗಾತ ಬಿದ್ದು, ಏದುಸಿರು ಬಿಡುತ್ತ, ಮುಖವೆಲ್ಲ ಬೆಳಕಾಗಿ, "ಇನ್ನೊಂದ್ಸಲ," ಎಂದ.

"ಅನ್ನ ಆರ್ತದೆ," ಎಂದಳು ಹೂವಮ್ಮ. "ಗಜಾನನಯ್ಯ, ನಿಮಗೆ ಮಾಂಸ ತಾಗದ ಬೇರೆ ಪಾತ್ರೇಲಿ ಮಾಡಿದೀನಿ. ಉಂಡ್ಕಂಡು ಆಮೇಲೆ ಹೊಡ್ಕಳಿ."