ಕಿಂಡಿಯ ಮುಂದೆ ಹಾಕಿದ ಧೂಪ

ನಮ್ಮ ಮನೆಗೆ ಬಂದ ಹೊಸ ಸೊಸೆಯನ್ನು ತಿಂಗಳೊಳಗೆ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ ಕಿಂಡಿ ದಾಟಿಸಬೇಕು. ಇದು ಯಾವ ಶಾಸ್ತ್ರದಲ್ಲೂ ಇಲ್ಲ. ನಮ್ಮ ದೊಡ್ಡವ್ವನ ಅತ್ತೆ ಯಾವಾಗಲೋ ಶುರು ಮಾಡಿದ್ದು ಹಾಗೇ ಉಳಿದುಕೊಂಡಿದೆ. ಸೊಸೆ ಆಚೆ ಕಡೆಯಿಂದ ಬಂಡೆಗಳ ಸಂದಿಯೊಳಗೆ ನುಸುಳಿ ಈಚೆಗೆ ಬರಬೇಕು, ಈಚೆ ಕಡೆ ಮನೆಯ ಹೆಂಗಸರು ಅರಿಶಿನ ಕುಂಕುಮ ಹಿಡಿದು ಕಾದಿರಬೇಕು. ಒಮ್ಮೆ ಒಳಗೆ ತಲೆ ಹಾಕಿದವಳು ಹಿಂದಕ್ಕೆ ಹೋಗಬಾರದು.

ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಬಂದ ಹೆಂಡತಿ, ಆ ಸಂದಿಯಿಂದ ಶತ್ರು ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು ಒನಕೆಯಿಂದ ಬಡಿದು ಕೊಂದ ಕಥೆಯನ್ನು ಕೇಳದೆ ಈ ಜಿಲ್ಲೆಯಲ್ಲಿ ಯಾರೂ ಬೆಳೆದಿಲ್ಲ. ಶಾಲೆಯ ಗೋಡೆಗಳ ಮೇಲೆ, ವೃತ್ತಗಳಲ್ಲಿ, ರಾಜ್ಯೋತ್ಸವದ ಮೆರವಣಿಗೆಯ ಟ್ರ್ಯಾಕ್ಟರುಗಳ ಮೇಲೆ ಅವಳು ಒನಕೆ ಎತ್ತಿ ನಿಂತಿರುತ್ತಾಳೆ. ಏಳನೇ ತರಗತಿಯಲ್ಲಿ ನಾನೂ ಸೀರೆ ಕಚ್ಚೆ ಹಾಕಿಕೊಂಡು ಅವಳಾಗಿದ್ದೆ. ಈಗ ಹೊಳಲ್ಕೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ದೊಡ್ಡವ್ವನಿಗೆ ಮಾತ್ರ ಅವಳು ಇತಿಹಾಸವೂ ಅಲ್ಲ, ದೇವರೂ ಅಲ್ಲ. ಕಿಂಡಿ ಅವ್ವ, ಅಷ್ಟೇ. ಬೀದಿಯ ಆ ತುದಿಯಲ್ಲಿರುವ ಗಟ್ಟಿಗಿತ್ತಿ ಹಿರಿಯಳೊಬ್ಬಳ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದಳು.

ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ಅಮ್ಮ ಬೇಗ ಹೋದ ಮೇಲೆ ನನ್ನನ್ನೂ ತಮ್ಮನನ್ನೂ ಹಿರಿಯೂರಿನ ಮನೆಯಲ್ಲಿ ಸಾಕಿದವಳು. ತಮ್ಮನಿಗೆ ಎಷ್ಟೋ ವರ್ಷ ಹೆಣ್ಣು ಕೂಡಿ ಬರಲಿಲ್ಲ. ಕೊನೆಗೆ ಹೊಸದುರ್ಗದ ಕಡೆಯ ಹುಡುಗಿ ಒಪ್ಪಿದಾಗ ದೊಡ್ಡವ್ವ ತಾನು ಹರಕೆ ಹೊತ್ತಿದ್ದನ್ನು ಹೇಳಿದಳು. ಸೊಸೆ ಕಿಂಡಿ ದಾಟುವಾಗ ಅವ್ವನಿಗೆ ಧೂಪ ಹಾಕುತ್ತೇನೆ ಅಂತ ಅಂದುಕೊಂಡಿದ್ದಳಂತೆ. ಅದಕ್ಕೆ ಮುಂಚೆ ಯಾರೂ ಅಲ್ಲಿ ಧೂಪ ಹಾಕಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾವು ನಾಲ್ವರೇ ಹೋದೆವು. ದೊಡ್ಡವ್ವನ ಎಲೆಅಡಿಕೆ ಚೀಲದಲ್ಲಿ ಕರಟ, ತೆಂಗಿನ ನಾರು, ಧೂಪದ ಪುಡಿ, ಕರ್ಪೂರ, ಬೆಂಕಿಪೊಟ್ಟಣ ಎಲ್ಲ ಇದ್ದದ್ದು ನನಗೆ ಗೊತ್ತಿತ್ತು. ಬಾಗಿಲಲ್ಲಿದ್ದ ಕಾವಲಿನವನು ಕೇಳಿದ.

"ಅಜ್ಜಿ, ಬೆಂಕಿಪೊಟ್ನ ಏನಾರ ಐತಾ?"

"ಯಾಕಪ್ಪ, ನಿಂಗೆ ಬೀಡಿ ಹಚ್ಚಾಕೆ ಬೇಕಾಗಿತ್ತಾ?"

ಅವನು ನಕ್ಕು ಬಿಟ್ಟುಬಿಟ್ಟ. ನಾನೂ ನಕ್ಕೆ.

ಕಿಂಡಿಯ ಹತ್ತಿರದ ಬಂಡೆಯ ಹೊಟ್ಟೆಗೆ ಮೊರದಗಲದ ಹೆಜ್ಜೇನಿನ ಗೂಡು ನೇತಾಡುತ್ತಿತ್ತು. ಕೆಳಗೆ ಸಣ್ಣದೊಂದು ಫಲಕ. ನಾನು ಓದಿ ಹೇಳಿದೆ, "ದೊಡ್ಡವ್ವ, ಇಲ್ಲಿ ಹೊಗೆ ಹಾಕಬಾರ್ದು ಅಂತ ಬರ್ದವ್ರೆ ನೋಡು."

"ಅವು ನಮ್ಮತ್ತೆ ಕಾಲದಿಂದ ಅಲ್ಲೇ ಅವೆ. ಒಂದು ಚಿಟಿಕೆ ಧೂಪಕ್ಕೆ ಏನಾಗತೈತೆ? ನೀನು ಓದಿದ್ದು ಜಾಸ್ತಿ ಆತು."

"ಬರೀ ಕುಂಕುಮ ಇಟ್ಟು ಹೋಗಾಣ."

"ಹರಕೆ ಹೊತ್ತೋಳು ನಾನೋ ನೀನೋ?"

ಇಷ್ಟೇ ಮಾತು. ಎರಡನೇ ಸಲ ಬೇಡ ಅನ್ನಲಿಲ್ಲ. ಚೀಲ ನನ್ನ ಕೈಯಲ್ಲೇ ಇತ್ತು, ಕೊಡದೆ ಇರಬಹುದಿತ್ತು. ತಮ್ಮ ಮತ್ತು ಅವನ ಹೆಂಡತಿ ಬಳಸಿಕೊಂಡು ಆಚೆ ಕಡೆಗೆ ಹೋದರು. ನಾನು ದೊಡ್ಡವ್ವನನ್ನು ಕಿಂಡಿಯ ಮುಂದೆ ಕೂರಿಸಿದೆ. ಮಂಡಿ ನೋವಿನಿಂದಾಗಿ ಅವಳು ನೆಲಕ್ಕೆ ಕುಳಿತರೆ ತಾನಾಗಿ ಏಳಲಾರಳು. ಯಾರಾದರೂ ಕೈ ಕೊಡಬೇಕು. ನಾನು ಜೊತೆಗಿದ್ದಾಗ ಆ ಕೈ ನನ್ನದೇ.

ಅವಳು ಕರಟದಲ್ಲಿ ನಾರಿಗೆ ಬೆಂಕಿ ಹಚ್ಚಿ ಧೂಪ ಉದುರಿಸಿದಳು. ನಾನು ಹತ್ತು ಹೆಜ್ಜೆ ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಸಂದಿಯೊಳಗೆ ಮೊದಲು ಬಳೆ ತುಂಬಿದ ಕೈ ಕಂಡಿತು, ಆಮೇಲೆ ಹುಡುಗಿಯ ಮುಖ.

"ಅಕ್ಕ, ಉಸಿರು ಕಟ್ತೈತೆ, ಹೊಗೆ ಎಲ್ಲಾ ಒಳಗೇ ಬರ್ತೈತೆ," ಎಂದು ಕೆಮ್ಮಿದಳು.

"ಒಂದೇ ಗಳಿಗೆ ಬಾರವ್ವ, ಬಂದೇ ಬಿಟ್ಟೆ," ಅಂದಳು ದೊಡ್ಡವ್ವ.

ಹೊಗೆ ಸಂದಿಗೂ ಹೋಗುತ್ತಿತ್ತು, ಬಂಡೆಗೆ ಅಂಟಿಕೊಂಡು ಮೇಲಕ್ಕೂ ಏರುತ್ತಿತ್ತು. ಮೇಲೆ ಗೂಡು ಒಮ್ಮೆ ನಡುಗಿದಂತೆ ಕಂಡಿತು. ಮೊದಲ ಹುಳ ನನ್ನ ಮಣಿಕಟ್ಟಿಗೆ ಕಚ್ಚಿತು. ಮೊಬೈಲು ಬಿದ್ದುಹೋಯಿತು. "ಹಿಂದಕ್ಕೆ ಹೋಗೇ, ಹಿಂದಕ್ಕೆ ಹೋಗು" ಎಂದು ಕಿಂಡಿಯ ಕಡೆಗೆ ಕೂಗಿದೆ. ಹುಡುಗಿಯ ಮುಖ ಒಳಕ್ಕೆ ಸರಿದು ಮಾಯವಾಯಿತು. ಆ ಹೊತ್ತಿಗೆ ನನ್ನ ಕಿವಿ, ತುಟಿ, ಕಣ್ಣಿನ ರೆಪ್ಪೆಗಳಿಗೆ ಕಚ್ಚಿದ್ದವು. ನಾನು ಓಡಿ ಒಂದು ಬಂಡೆಯ ಕೆಳಗಿನ ಪೊಟರೆಯಲ್ಲಿ ತೂರಿಕೊಂಡು ದುಪಟ್ಟಾದಿಂದ ಮುಖ ಮುಚ್ಚಿಕೊಂಡೆ.

ದುಪಟ್ಟಾದ ತೆಳು ಬಟ್ಟೆಯೊಳಗಿಂದ ದೊಡ್ಡವ್ವ ಕಾಣುತ್ತಿದ್ದಳು. ಕುಳಿತಲ್ಲೇ ಇದ್ದಳು. ಒಂದು ಕೈಯಲ್ಲಿ ಸೆರಗನ್ನು ಮುಖಕ್ಕೆ ಹಿಡಿದು, ಇನ್ನೊಂದನ್ನು ನನ್ನ ಕಡೆಗೆ ಚಾಚಿದ್ದಳು.

"ಮಗಾ, ಕೈ ಕೊಡು."

ಎರಡು ಸಲ ಹೊರಬಂದೆ. ಮೊದಲ ಸಲ ಮೂರು ಹೆಜ್ಜೆ ಹೋಗಿ ಹಿಂದಿರುಗಿದೆ. ಎರಡನೇ ಸಲ ಅಷ್ಟೂ ಹೋಗಲಿಲ್ಲ. ಕಾಲುಗಳನ್ನು ನಾನು ನಡೆಸುತ್ತಿರಲಿಲ್ಲ ಎಂದು ಹೇಳಿದರೆ ಅದು ನೆಪವಾಗುತ್ತದೆ, ಆದರೆ ಬೇರೆ ಹೇಗೆ ಹೇಳುವುದೋ ತಿಳಿಯದು. ಅವಳ ಬೆನ್ನಿನ ಮೇಲಿನ ಹಸಿರು ಸೀರೆ ಸ್ವಲ್ಪ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಚಲಿಸುತ್ತಿತ್ತು. ಚಾಚಿದ ಕೈ ಬಹಳ ಹೊತ್ತು ಹಾಗೇ ಇದ್ದು ಆಮೇಲೆ ಮಡಿಲಿಗೆ ಬಿತ್ತು.

ಕೆಳಗೆ ಬಿದ್ದಿದ್ದ ಮೊಬೈಲು ಆಕಾಶವನ್ನು ಚಿತ್ರೀಕರಿಸುತ್ತಲೇ ಇತ್ತು. ಅದರಲ್ಲಿ ಚಿತ್ರವೇನೂ ಇಲ್ಲ, ಬಿಳಿ ಬೆಳಕು ಮತ್ತು ಅಡ್ಡ ಹಾಯುವ ಚುಕ್ಕೆಗಳು. ಶಬ್ದ ಮಾತ್ರ ಇದೆ. ನನ್ನ ಧ್ವನಿ ಮತ್ತೆ ಮತ್ತೆ "ಬಂದೆ ದೊಡ್ಡವ್ವ, ಬಂದೆ, ಬಂದೆ" ಅನ್ನುತ್ತದೆ. ಅದನ್ನು ಅಳಿಸಿಲ್ಲ. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಈಗಲಾದರೂ ಹೆಜ್ಜೆಯ ಸಪ್ಪಳ ಕೇಳಬಹುದೇನೋ ಅಂತ ಕಾಯುತ್ತೇನೆ.

ಕಾವಲಿನವರು ಮೂರ್ನಾಲ್ಕು ಜನ ಕಂಬಳಿ ಹೊದ್ದುಕೊಂಡು ಓಡಿಬಂದು ಅವಳನ್ನು ಕಂಬಳಿಯಲ್ಲೇ ಸುತ್ತಿ ಎತ್ತಿಕೊಂಡು ಹೋದರು. ಬಾಗಿಲಲ್ಲಿ ನಕ್ಕಿದ್ದವನೂ ಅವರಲ್ಲಿದ್ದ. ಮೆಟ್ಟಿಲು ಇಳಿಯುವಾಗ ಅವನು ಅಳುತ್ತಿದ್ದ. "ನಾನು ಚೀಲ ನೋಡಬೇಕಾಗಿತ್ತು ಮೇಡಂ, ನೋಡಬೇಕಾಗಿತ್ತು" ಎನ್ನುತ್ತಲೇ ಇದ್ದ. ಚೀಲದಲ್ಲಿ ಏನಿದೆ ಎಂದು ನೋಡಿದ್ದವಳು ನಾನು.

ದುರ್ಗದ ಆಸ್ಪತ್ರೆಯಲ್ಲಿ ನರ್ಸು ಒಬ್ಬರು ದೊಡ್ಡವ್ವನ ಬೆನ್ನಿಗೆ ನೆಟ್ಟಿದ್ದ ಜೇನಿನ ಮುಳ್ಳುಗಳನ್ನು ಒಂದೊಂದಾಗಿ ಕೆರೆದು ತೆಗೆದರು. ಮುಖ ಊದಿಕೊಂಡು ಕಣ್ಣು ಮುಚ್ಚಿಹೋಗಿದ್ದವು. ಮಾತು ಮಾತ್ರ ಇತ್ತು. ಆ ದಿನ ಸಂಜೆ ಅವಳು ಕೇಳಿದ್ದು ಸೊಸೆಯ ಬಗ್ಗೆ.

"ಅವಳು ಈಚೆಗೆ ಬಂದ್ಳಾ?"

ಬಂದಳು ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹತ್ತಿರ ಬಂದು, "ಇಲ್ಲರೀ ದೊಡ್ಡತ್ತೆ. ನಾನು ಹಿಂದಕ್ಕೇ ಹೋದೆ," ಅಂದಳು.

ದೊಡ್ಡವ್ವ ಅಂದಳು, "ಒಳ್ಳೇದು ಮಾಡ್ದೆ ಬಿಡು. ಈಚೆಗೆ ಬಂದಿದ್ರೆ ನನ್ನಂಗೆ ಕುಂತ್ಕಬೇಕಾಗಿತ್ತು." ಆಮೇಲೆ ನನ್ನ ಕಡೆಗೆ ಮುಖ ತಿರುಗಿಸಿ, "ನೀನೆಲ್ಲಿದ್ದೆ ಮಗಾ?" ಎಂದಳು.

"ಬಂಡೆ ಕೆಳಗೆ."

"ಅದೇ ಅಂದ್ಕಂಡೆ. ಹತ್ರ ಐತೆ ಧ್ವನಿ, ಕೈ ಮಾತ್ರ ಸಿಗ್ತಿಲ್ಲ ಅಂತ."

ಅದರಲ್ಲಿ ದೂರು ಇರಲಿಲ್ಲ. ದೂರಿದ್ದಿದ್ದರೆ ಹೊರುವುದು ಸುಲಭವಾಗುತ್ತಿತ್ತೇನೋ.

ಮರುದಿನ ಮೂತ್ರ ಕಟ್ಟಿತು. ಕಿಡ್ನಿಗೆ ವಿಷ ಏರಿದೆ, ದಾವಣಗೆರೆಗೆ ಒಯ್ಯಿರಿ ಎಂದರು ಡಾಕ್ಟರು. ಆಂಬುಲೆನ್ಸಿನಲ್ಲಿ ಅವಳ ಪಾದದ ಹತ್ತಿರ ಕುಳಿತಿದ್ದೆ. ಅಲ್ಲಿ ಯಂತ್ರಕ್ಕೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹೊರಗಿನ ಬೆಂಚಿನಲ್ಲಿ ಬಂದವರೆಲ್ಲ ಕೂತು ಹೋಗುತ್ತಿದ್ದರು. ಧರ್ಮಪುರದಿಂದ ಬಂದ ಸೋದರತ್ತೆ ಒಬ್ಬಳು, ಸೊಸೆಗೆ ಕೇಳಿಸುವಂತೆಯೇ, "ಕಿಂಡಿಗೆ ತಲೆ ಹಾಕಿದೋಳು ವಾಪಸ್ ಹೋದ್ರೆ ಅವ್ವಗೆ ಸಿಟ್ಟು ಬರದೆ ಇರತೈತಾ?" ಎಂದಳು. ಹಿಂದಕ್ಕೆ ಹೋಗು ಅಂತ ಕೂಗಿದ್ದು ನಾನು ಎಂದು ಹೇಳಿದೆ. ಮೂರು ಸಲ ಹೇಳಿದೆ. "ನೀನು ಸುಮ್ನಿರವ್ವ, ನೀನು ಒಳ್ಳೇಳು," ಅಂದಳು. ಹುಡುಗಿ ನೆಲ ನೋಡಿಕೊಂಡು ಕುಳಿತಿದ್ದಳು. ಆ ಮಾತು ಅವಳಿಗೆ ಅಂಟಿಕೊಂಡು ಇವತ್ತಿಗೂ ಬಿಟ್ಟಿಲ್ಲ. ಅದನ್ನು ಬಿಡಿಸುವುದೂ ನನ್ನಿಂದ ಆಗುತ್ತಿಲ್ಲ.

ಆ ಬೆಂಚಿನ ಮೇಲೆಯೇ ನನಗೆ ಒಂದು ಯೋಚನೆ ಬಂದದ್ದು. ಇಷ್ಟು ವರ್ಷ ತರಗತಿಯಲ್ಲಿ ಆ ಹೆಂಗಸಿನ ಧೈರ್ಯದ ಬಗ್ಗೆಯೇ ಹೇಳಿದ್ದೆ. ಕಿಂಡಿ ಸಣ್ಣದಿತ್ತು, ಸೈನಿಕರು ಒಬ್ಬೊಬ್ಬರಾಗಿಯೇ ಬರಬೇಕಾಗಿತ್ತು ಎಂಬುದನ್ನು ಓದಿ ದಾಟಿಸಿಬಿಡುತ್ತಿದ್ದೆ. ಎಲ್ಲರೂ ಒಟ್ಟಿಗೆ ಬಂದಿದ್ದರೆ ಅವಳೂ ಬಂಡೆಯ ಕೆಳಗೆ ಸೇರುತ್ತಿದ್ದಳೇ? ಹೀಗೆ ಯೋಚಿಸಿ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಯಾಕೆಂದರೆ ಕಂಬಳಿ ಹೊದ್ದು ಬಂದವರ ಮೇಲೆ ಜೇನುಹುಳಗಳು ಒಟ್ಟಿಗೇ ಬಿದ್ದಿದ್ದವು, ಆದರೂ ಅವರು ಬಂದಿದ್ದರು.

ಐದನೆಯ ದಿನ ದೊಡ್ಡವ್ವ ಹೋದಳು.

ಹಿರಿಯೂರಿನ ಮನೆಯ ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿ ಸ್ನಾನ ಮಾಡಿಸಿದರು. ಸೊಸೆ ನೀರು ತಂದಳು, ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ತಲೆ ತೊಳೆಯುವುದನ್ನು ನನಗೆ ಬಿಟ್ಟರು. ಊತ ಇಳಿದು ಮುಖ ಮೊದಲಿನಂತಾಗಿತ್ತು. ಕೂದಲು ಬಿಡಿಸಿ ಸೀಗೆಪುಡಿ ಹಚ್ಚುವಾಗ ಕಿವಿಯ ಹಿಂದೆ, ಬೆಳ್ಳಗಾದ ಕೂದಲಿನ ಬುಡದಲ್ಲಿ, ಬೆರಳಿಗೆ ಏನೋ ಚುಚ್ಚಿದಂತಾಯಿತು. ಬಗ್ಗಿ ನೋಡಿದರೆ ಒಂದು ಮುಳ್ಳು. ಎರಡೂ ಆಸ್ಪತ್ರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಟ್ಟಿತ್ತು.

"ಏನೇ ಅದು?" ಎಂದಳು ಸೋದರತ್ತೆ.

"ಏನಿಲ್ಲ," ಅಂದೆ.

ಉಗುರಿನಿಂದ ಮೆಲ್ಲಗೆ ಕೆರೆದೆ. ಮೊದಲ ಸಲ ಬರಲಿಲ್ಲ. ಅವಳಿಗೆ ನೋಯಬಾರದೆಂದು ಅಂಗೈಯಿಂದ ತಲೆಯನ್ನು ಹಿಡಿದುಕೊಂಡು ಇನ್ನೊಮ್ಮೆ ಕೆರೆದೆ. ಆಗ ಬಂತು.