ಟಿಪ್ಸಿ ಎಂಬ ಕೆಳಗಿನ ಮೆಟ್ಟಿಲು

ಇಂಗ್ಲಿಷರು ಕುಡಿತಕ್ಕೆ ಕಟ್ಟಿರುವ ಮೆಟ್ಟಿಲುಗಳನ್ನು ನಾನು ತೆಲುಗು ಸೀಮೆಯ ಬಾಲಾನಗರದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದಾಗಲೇ ಬಾಯಿಪಾಠ ಮಾಡಿದ್ದೆ. ಕೆಳಗೆ ಟಿಪ್ಸಿ, ಅದರ ಮೇಲೆ ಮೆರ್ರಿ, ಆಮೇಲೆ ಡ್ರಂಕ್. ತುತ್ತತುದಿಯಲ್ಲಿ ಡೆಡ್ ಡ್ರಂಕ್. ಅಲ್ಲಿಂದ ಮುಂದೆ ಮಾತಿಲ್ಲ, ಹೊತ್ತುಕೊಂಡು ಹೋಗುವುದಷ್ಟೇ. ಜೀವಮಾನದಲ್ಲಿ ಒಂದು ಹನಿಯನ್ನೂ ಮುಟ್ಟದ ನನಗೆ ಈ ವಿದ್ಯೆಯ ಬಗ್ಗೆ ಅಪಾರ ಅಭಿಮಾನವಿತ್ತು.

ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ಬಂದ ಆ ವರ್ಷಗಳಲ್ಲಿ ನನ್ನ ತಮ್ಮ ಅಂಥದ್ದೊಂದು ಕಂಪನಿಯ ಕ್ಯಾಬ್ ಓಡಿಸುತ್ತಿದ್ದ. ಒಂದು ಮುಂಜಾನೆ ಗೇಟಿನಲ್ಲಿ ಊದಿಸುವ ಯಂತ್ರ ಕೂಗಿಕೊಂಡಿತು. ಹಿಂದಿನ ದಿನದ ಮದುವೆಯ ಎರಡು ಗ್ಲಾಸು ಇನ್ನೂ ಉಸಿರಿನಲ್ಲಿತ್ತು. ಮಧ್ಯಾಹ್ನದೊಳಗೆ ಇಂಗ್ಲಿಷಿನಲ್ಲಿ ವಿವರಣೆ ಕೊಡಬೇಕು, ಇಲ್ಲದಿದ್ದರೆ ಕೆಲಸ ಹೋಯಿತು. ಹೆಂಡತಿಯನ್ನೂ ಕರೆದುಕೊಂಡು ಮಣಿಕೊಂಡದ ನನ್ನ ಮನೆಗೆ ಓಡಿ ಬಂದ.

"ಅಣ್ಣಾ, ಕೆಮ್ಮಿನ ಔಷಧ ಕುಡದಿದ್ದೆ ಅಂತ ಬರೀರಿ. ಎಲ್ಲಾ ಡ್ರೈವರ್‌ಗೋಳು ಹಂಗ ಬರೀತಾರ. ಸೂಪರ್‌ವೈಸರ್ ಓದದನ ಸಹಿ ಹಾಕ್ತಾನ."

"ನಿನಗ ಕೆಮ್ಮು ಐತೇನು?"

"ಕೆಮ್ಮತೀನಿ ತಗೋರಿ." ಕೆಮ್ಮಿ ತೋರಿಸಿದ.

"ಸುಳ್ಳು ಬರಿಯಾಂಗಿಲ್ಲ. ಇಂಗ್ಲಿಷಿನ್ಯಾಗ ಇದಕ್ಕ ಸರಿಯಾದ ಶಬ್ದ ಐತಿ."

"ಭಾವಾರ, ಶಬ್ದ ಬ್ಯಾಡ್ರಿ, ನೌಕರಿ ಉಳಸ್ರಿ," ಎಂದಳು ಅವನ ಹೆಂಡತಿ.

ನಾನು ಕೇಳಲಿಲ್ಲ. ಅವನು ಟಿಪ್ಸಿ ಮಾತ್ರ ಆಗಿದ್ದನು, ಡ್ರಂಕ್ ಖಂಡಿತ ಅಲ್ಲ ಎಂದು ಪುಟ ತುಂಬ ಬರೆದೆ. ತಮ್ಮ ಅರ್ಥವಾಗದೆಯೇ ಸಹಿ ಹಾಕಿದ. ಜೊತೆಗೆ ನಾನೂ ಹೋದೆ.

ಯಾರ ಪತ್ರವನ್ನೂ ಓದದ ಸೂಪರ್‌ವೈಸರ್, ಪುಟ ತುಂಬಿದ್ದು ನೋಡಿ ಇದನ್ನು ಓದಿದ. "ಕೆಮ್ಮು ಎಲ್ಲಿ?" ಎಂದು ಹಿಂದಿಯಲ್ಲಿ ಗಾಬರಿಯಿಂದ ಕೇಳಿದ. ಟಿಪ್ಸಿಗೂ ಡ್ರಂಕಿಗೂ ಇರುವ ಅಂತರವನ್ನು ನಾನು ವಿವರಿಸತೊಡಗಿದೆ. ಅವನು ತನ್ನ ಫಾರಂ ತಿರುಗಿಸಿ ತೋರಿಸಿದ. ಅದರಲ್ಲಿ ಇದ್ದದ್ದು ಎರಡೇ ಚೌಕ: ಕುಡಿದಿದ್ದಾನೆ, ಕುಡಿದಿಲ್ಲ.

ಬೇರೆ ಪತ್ರ ಬರೆದುಕೊಡುತ್ತೇನೆ, ಕೆಮ್ಮು ಬರೆಯುತ್ತೇನೆ, ಬೇಕಾದರೆ ಜ್ವರವನ್ನೂ ಸೇರಿಸುತ್ತೇನೆ ಎಂದು ಕೈಮುಗಿದೆ. ಇಂಗ್ಲಿಷ್ ಬಿಟ್ಟು ಹಿಂದಿಯಲ್ಲಿ ಬೇಡಿದೆ, ತೆಲುಗಿನಲ್ಲೂ ಬೇಡಿದೆ. "ಸಹಿ ಹಾಕಿ ಒಪ್ಪಿಕೊಂಡಾಗಿದೆ ಸಾಬ್, ಇನ್ನು ನನ್ನ ಕೈಯಲ್ಲಿಲ್ಲ," ಎಂದು ಅವನು ಮೊಹರು ಒತ್ತಿ, ತಮ್ಮನ ಕೊರಳಿನ ಗುರುತಿನ ಚೀಟಿ ಬಿಚ್ಚಿಸಿಕೊಂಡ.

ವಾಪಸು ಆಟೋದಲ್ಲಿ ತಮ್ಮ ಕೇಳಿದ.

"ಅಣ್ಣಾ, ಆ ಶಬ್ದದ ಅರ್ಥ ಏನ್ರಿ? ಮನ್ಯಾಗ ಕೇಳ್ತಾಳ, ಹೇಳಬೇಕಲ್ಲ."

"ಸ್ವಲ್ಪ," ಎಂದೆ. "ಸ್ವಲ್ಪ ಕುಡದಾನ ಅಂತ."

ಅವನು ಮುಖ ಹೊರಗೆ ತಿರುಗಿಸಿ ಕೆಮ್ಮಿದ. ಈ ಸಲದ್ದು ನಿಜವಾಗಿಯೂ ಕೆಮ್ಮೇ ಎಂದು ನಂಬಲು ನಾನು ಮನೆ ಬರುವವರೆಗೂ ಪ್ರಯತ್ನಪಟ್ಟೆ.